ಕೊನೆಯಲ್ಲೊಂದು ಉಕಾರ

ಏಪ್ರಿಲ್ 7, ಸೋಮವಾರ

ಈ ಡೈರಿ ತಂದುಕೊಟ್ಟವರು ಇವರು. "ಆಫೀಸಿನ ಸಿಟ್ಟನ್ನೆಲ್ಲ ಇದ್ರಲ್ಲಿ ಬರಿ, ನನ್ನ ತಲೆ ತಿನ್ಬೇಡ" ಎಂದು ಮೇಜಿನ ಮೇಲಿಟ್ಟು ಹೋದರು. ಹೆಂಡತಿಗೆ ಕೊಡುವ ಉಡುಗೊರೆ ನೋಡಿ! ಮುದ್ರಣಾಲಯದಲ್ಲಿ ಇಪ್ಪತ್ತೈದು ವರ್ಷದಿಂದ ಕರಡು ತಿದ್ದುತ್ತಿರುವ ಮನುಷ್ಯ. ಮನೆಗೆ ಬಂದಮೇಲೆ ಯಾರ ವಾಕ್ಯವೂ ಕಿವಿಗೆ ಬೀಳಬಾರದು. ಆಯಿತು, ಬರೆಯುತ್ತೇನೆ.

ಇವತ್ತು ನಿರ್ದೇಶಕರು ಕರೆದು, ಈ ತಿಂಗಳ ಕೊನೆಗೆ ನಮ್ಮ ಮೇಲ್ ವ್ಯವಸ್ಥೆಯೆಲ್ಲ ಕ್ಲೌಡಿಗೆ ಹೋಗುತ್ತದೆ ಎಂದರು. ಕ್ಲೌಡ್ ಎಂದರೆ ಎಲ್ಲೋ ದೂರದಲ್ಲಿ ಇನ್ಯಾರದೋ ಕಟ್ಟಡದಲ್ಲಿರುವ ಕಂಪ್ಯೂಟರು. ಮೋಡ ಎಂದು ಕರೆದುಬಿಟ್ಟರೆ ನಮಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾರೆ.

ನಮ್ಮದು ಕೃತಕ ಕೈಕಾಲು ಮಾಡಿಕೊಡುವ ಸಂಸ್ಥೆ. ಹೊರಗಿನಿಂದ ಬರುವ ಪ್ರತಿಯೊಂದು ಇಮೇಲೂ ಮೊದಲು ನೆಲಮಹಡಿಯ ಮೂಲೆ ಕೋಣೆಯಲ್ಲಿರುವ ಕಪ್ಪು ಯಂತ್ರಕ್ಕೆ ಬರುತ್ತದೆ. ಅದು ವಿಳಾಸ ನೋಡಿ, ಇದು ಫಿಟ್ಟಿಂಗಿನವರಿಗೆ, ಇದು ಸ್ಟೋರಿಗೆ, ಇದು ಕಸಕ್ಕೆ ಎಂದು ಹಂಚುತ್ತದೆ. ಹೇಗೆ ಹಂಚಬೇಕೆಂಬ ನಿಯಮಗಳನ್ನು ಹತ್ತೊಂಬತ್ತು ವರ್ಷ ಕೂತು ಬರೆದವಳು ನಾನು. ಒಟ್ಟು ಆರುನೂರ ಹದಿಮೂರು. ಯಂತ್ರಕ್ಕೆ ನಾನಿಟ್ಟ ಹೆಸರು ದೊಡ್ಡಪ್ಪ: ಸದಾ ಗೊರಗೊರ ಎನ್ನುತ್ತದೆ, ಸೆಕೆ ಹೆಚ್ಚಾದರೆ ಸಿಡುಕುತ್ತದೆ, ಕೆಲಸ ಮಾತ್ರ ಬಿಡುವುದಿಲ್ಲ. ನನಗೆ ಸಂಸ್ಥೆಯವರು ಇಟ್ಟ ಹೆಸರು ಮೇಲಕ್ಕ.

"ಯಂತ್ರ ಹೋದ್ಮೇಲೆ ಆ ಕೋಣೆ ಫಿಟ್ಟಿಂಗ್ ವಿಭಾಗಕ್ಕೆ. ಅವರಿಗೆ ಜಾಗ ಸಾಲ್ತಿಲ್ಲ" ಎಂದರು ನಿರ್ದೇಶಕರು.

"ನನ್ನ ಕಥೆ ಏನು ಸರ್?"

"ನಿಮ್ಮ ವಿಷಯ ಆಮೇಲೆ ಮಾತಾಡೋಣ."

ಆಮೇಲೆ ಎಂದರೆ ಯಾವಾಗ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿಕೊಂಡು ಬಂದೆ, ಅಷ್ಟೇ.

ಏಪ್ರಿಲ್ 9, ಬುಧವಾರ

ಕ್ಲೌಡ್ ಕಂಪನಿಯ ಇಂಜಿನಿಯರ್ ಬಂದಿಳಿದಿದ್ದಾಳೆ. ಮೂವತ್ತೈದರ ಆಸುಪಾಸು. ಕೂದಲಿನ ಗಂಟಿಗೆ ಪೆನ್ಸಿಲ್ ಚುಚ್ಚಿಕೊಂಡಿರುತ್ತಾಳೆ, ಆಮೇಲೆ ಪೆನ್ಸಿಲ್ ಎಲ್ಲಿ ಎಂದು ಹುಡುಕುತ್ತಾಳೆ. ಎಲ್ಲರೂ ಮೇಡಂ ಮೇಡಂ ಎಂದು ಹಿಂದೆ ಬಿದ್ದಿದ್ದಾರೆ. ನಾನು ಮನಸ್ಸಿನಲ್ಲೇ ಮೋಡಂ ಎಂದು ಮಾಡಿಕೊಂಡೆ. ಇವರಿಗೆ ಹೇಳಿದೆ. ಚೆನ್ನಾಗಿ ನಕ್ಕು, "ಮೋಡಮ್ಮ ಅಂದ್ರೆ ಇನ್ನೂ ಸರಿಯಾಗಿರತ್ತೆ" ಎಂದು ತಿದ್ದಿದರು. ತಿದ್ದದಿದ್ದರೆ ಇವರಿಗೆ ಊಟ ಜೀರ್ಣವಾಗುವುದಿಲ್ಲ.

ಮೋಡಮ್ಮ ಬಂದವಳೇ ಕೇಳಿದ್ದು, "ಅಕ್ಕಾ, ನಿಯಮಗಳ ವಿವರ ಎಲ್ಲಿ ಬರ್ದಿಟ್ಟಿದೀರಿ? ಯಾವ್ದು ಯಾತಕ್ಕೆ ಅಂತ?"

ನಾನು ಹಣೆ ತಟ್ಟಿ ತೋರಿಸಿದೆ. "ಇಲ್ಲಿ."

ಅವಳು ಪೆನ್ಸಿಲ್ ಕಿತ್ತು ಏನೋ ಗೀಚಿಕೊಂಡಳು.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಪ್ರಿಂಟರಿನ ಮೇಲೆ ಮೋಡಮ್ಮನ ವರದಿಯ ಹಾಳೆ ಬಿದ್ದಿತ್ತು. ಓದಬಾರದೆಂದುಕೊಂಡೇ ಓದಿದೆ. 'ಮೇಲ್ ನಿರ್ವಹಣೆಗೆ ಪ್ರತ್ಯೇಕ ಸಿಬ್ಬಂದಿಯ ಅಗತ್ಯ ಮುಂದೆ ಇರುವುದಿಲ್ಲ.' ಪ್ರತ್ಯೇಕ ಸಿಬ್ಬಂದಿ ಎಂದರೆ ಸಂಸ್ಥೆಯಲ್ಲಿ ಇನ್ನೊಬ್ಬರಿಲ್ಲ, ನಾನೇ. ಹಾಳೆಯನ್ನು ಇದ್ದ ಹಾಗೆಯೇ ಇಟ್ಟು, ಹೋಗಿ ಅವಳ ಪಕ್ಕದಲ್ಲಿ ಕೂತೆ. ಯಾಕೆಂದರೆ ಇವತ್ತು ನಿಯಮಗಳನ್ನು ಒಂದೊಂದಾಗಿ ನೋಡಿ, ಬೇಕಾದ್ದನ್ನು ಮಾತ್ರ ಕ್ಲೌಡಿಗೆ ಸಾಗಿಸುವ ದಿನ.

ಎಂಬತ್ತೆಂಟನೆಯದು ಬಂದಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಿರ್ದೇಶಕರ ಶ್ರೀಮತಿಯವರ ಮೇಲನ್ನು ಯಾವ ಕಾರಣಕ್ಕೂ ಕಸಕ್ಕೆ ಹಾಕಕೂಡದು ಎಂಬ ನಿಯಮ ಅದು. ಒಮ್ಮೆ ದೊಡ್ಡಪ್ಪ ಹಾಗೆ ಹಾಕಿ, ಎರಡು ದಿನ ಸಂಸ್ಥೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅದನ್ನು ಉಳಿಸಿದಳು.

ಇನ್ನೂರ ಹದಿನಾಲ್ಕು ಬಂತು.

"ಇದೇನಕ್ಕಾ? ವಿಳಾಸದ ಕೊನೆಗೆ ಯು ಇದ್ರೆ ಕಿತ್ತುಹಾಕು ಅಂತಿದೆ. ಕೆಳಗಡೆ ಲಿಂಬು ಅಂತ ಬೇರೆ ಇದೆ. ನಿಂಬೆಹಣ್ಣಿಗೂ ಒಂದು ವಿಭಾಗ ಇದೆಯಾ ನಿಮ್ಮಲ್ಲಿ?"

"ಅದಾ? ಹಳೇದು. ಬೇಕಾಗಲ್ಲ ಬಿಡಿ" ಎಂದೆ.

ಅಳಿಸಿದಳು. ಇಂಥವೇ ಇನ್ನೂ ಆರಕ್ಕೆ ಹಾಗೇ ಅಂದೆ, ಅವನ್ನೂ ಅಳಿಸಿದಳು.

ಡೈರಿಗೆ ಹೇಳಿದರೆ ತಪ್ಪೇನಿಲ್ಲ. ನಮ್ಮ ಸ್ವಿಚ್‌ಬೋರ್ಡಿನ ಆಪರೇಟರ್ ಹಲೋ ಅಣ್ಣ ಇದ್ದಾರಲ್ಲ, ಅವರ ಬಾಯಲ್ಲಿ ಯಾವ ಪದವೂ ಉಕಾರವಿಲ್ಲದೆ ಹೊರಗೆ ಬರುವುದಿಲ್ಲ. ಫೋನಿನಲ್ಲಿ ಯಾರಾದರೂ ಇಮೇಲ್ ವಿಳಾಸ ಕೇಳಿದರೆ "ಫಿಟ್ಟಿಂಗು... ಆಮೇಲೆ ಅಟ್ಟು..." ಎಂದು ಒಂದೊಂದೇ ಪದ ಬಿಡಿಸಿ ಹೇಳುತ್ತಾರೆ. ಕೇಳಿದವರು ಪಾಪ ಹಾಗೇ ಬರೆದುಕೊಳ್ಳುತ್ತಾರೆ, ಇಂಗ್ಲಿಷಿನಲ್ಲಿ, ಕೊನೆಗೊಂದು ಯು ಸೇರಿಸಿ. ಫಿಟ್ಟಿಂಗು, ಸ್ಟೋರು, ಬಿಲ್ಲು. ಕಾಲಿನ ವಿಭಾಗದ ಹೆಸರು ಇಂಗ್ಲಿಷಿನಲ್ಲಿ ಲಿಂಬ್, ಅದು ಲಿಂಬು. ಹಲೋ ಅಣ್ಣನನ್ನು ತಿದ್ದುವುದಕ್ಕಿಂತ ದೊಡ್ಡಪ್ಪನಿಗೆ ಹೇಳಿಕೊಡುವುದು ಸುಲಭವಾಗಿತ್ತು.

ನಾನು ಸುಳ್ಳೇನೂ ಹೇಳಿಲ್ಲ. ಅದು ಹಳೆಯದೇ. ಮೇಲ್ ಕ್ಲೌಡಿಗೆ ಹೋದ ಎರಡು ದಿನದಲ್ಲಿ ಎಲ್ಲರೂ 'ಮೇಲಕ್ಕಾ, ಮೇಲ್ ಬರ್ತಿಲ್ಲ' ಎಂದು ಓಡಿ ಬರುತ್ತಾರೆ. ಆಗ ಗೊತ್ತಾಗಲಿ, ಪ್ರತ್ಯೇಕ ಸಿಬ್ಬಂದಿಯ ಅಗತ್ಯ ಇದೆಯೋ ಇಲ್ಲವೋ ಎಂದು.

ಏಪ್ರಿಲ್ 26, ಶನಿವಾರ

ಬೆಳಿಗ್ಗೆ ಹನ್ನೊಂದಕ್ಕೆ ಮೋಡಮ್ಮ ಒಂದು ಸಾಲು ಬದಲಾಯಿಸಿದಳು. ಅಷ್ಟೇ. ನಮ್ಮ ಸಂಸ್ಥೆಯ ಮೇಲ್ ಇನ್ನು ಇಲ್ಲಿಗೆ ಬರಬೇಡಿ, ಅಲ್ಲಿಗೆ ಹೋಗಿ ಎಂದು ಜಗತ್ತಿಗೆಲ್ಲ ಹೇಳುವ ಸಾಲು. ನಾನು ದೊಡ್ಡಪ್ಪನ ಪರದೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ದಿನವೂ ಸರಸರ ಸರಿಯುವ ಸಾಲುಗಳು ನಿಧಾನವಾದವು. ನಿಮಿಷಕ್ಕೊಂದು, ಐದು ನಿಮಿಷಕ್ಕೊಂದು. ಒಂದೂ ಮುಕ್ಕಾಲಿಗೆ ಬಂದದ್ದೇ ಕೊನೆಯದು. ಹಾಸಿಗೆ ಮಾರುವವರ ಜಾಹೀರಾತು. ದೊಡ್ಡಪ್ಪ ಅದನ್ನೂ ಶಿಸ್ತಾಗಿ ಕಸಕ್ಕೆ ಹಾಕಿ ಸುಮ್ಮನಾಯಿತು.

ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದೇ ಬರೆಯಬೇಕು.

ಮೋಡಮ್ಮ ಒಂದು ಲೋಟ ಟೀ ತಂದಿಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು. ಯಂತ್ರವನ್ನು ಯಾವಾಗ ಬಿಚ್ಚುತ್ತೀರಿ ಎಂದು ಫಿಟ್ಟಿಂಗ್ ವಿಭಾಗದವರು ಆಗಲೇ ಕೇಳಲು ಬಂದರು. ಇನ್ನೂ ಎರಡು ತಿಂಗಳು ಎಚ್ಚರಿಕೆಗೆ ಇಟ್ಟಿರಬೇಕು ಎಂದೆ. ಹಾಗೇನೂ ನಿಯಮವಿಲ್ಲ.

ಏಪ್ರಿಲ್ 28, ಸೋಮವಾರ

ಯಾರೂ ಓಡಿ ಬರಲಿಲ್ಲ.

ಮೇ 2, ಶುಕ್ರವಾರ

ಇವತ್ತೂ ಯಾರೂ ಬರಲಿಲ್ಲ. ಹಲೋ ಅಣ್ಣನೊಬ್ಬರು ಬಂದರು, ಕನ್ನಡಕ ಮರೆತು ಹೋಗಿದ್ದರಿಂದ.

ಒಂದು ಮಾತು ಒಪ್ಪಬೇಕು: ಕ್ಲೌಡಿನ ಕಸ ಗುಡಿಸುವ ಕೆಲಸ ದೊಡ್ಡಪ್ಪನಿಗಿಂತ ಚೆನ್ನಾಗಿದೆ. ಲಾಟರಿ ಬಂತು ಎನ್ನುವ ಮೇಲುಗಳು ಒಂದೂ ಕಾಣಲಿಲ್ಲ. ಮೋಡಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ತೋರಿಸಿದಳು. ಕಲಿಸುವಾಗ ಒಳ್ಳೆಯ ತಾಳ್ಮೆ, ಮೂರು ಸಲ ಕೇಳಿದರೂ ಮುಖ ಗಂಟಿಕ್ಕುವುದಿಲ್ಲ.

"ವಿಳಾಸ ಗೊತ್ತಾಗದೇ ಇರೋ ಮೇಲ್ ಎಲ್ಲ ಈ ತಡೆ ಪೆಟ್ಟಿಗೆಗೆ ಬಂದು ಬೀಳತ್ತೆ ಅಕ್ಕಾ. ಹದಿನಾಲ್ಕು ದಿನ ಇರತ್ತೆ, ಆಮೇಲೆ ತಾನೇ ಅಳಿಸಿಹೋಗತ್ತೆ. ಕಳಿಸಿದವರಿಗೆ ಏನೂ ತಿಳಿಯಲ್ಲ. ಆಗಾಗ ಒಂದು ಕಣ್ಣು ಹಾಕ್ತಿರಿ."

ಹಾಕುತ್ತೇನೆ ಎಂದೆ. ಹಾಕಲಿಲ್ಲ. ಅದರಲ್ಲಿ ಏನಿರುತ್ತದೆ ಎಂದು ನನಗಲ್ಲದೆ ಇನ್ನಾರಿಗೆ ಗೊತ್ತು?

ಮೇ 7, ಬುಧವಾರ

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ನಡೆದ ಹಾಗೆಯೇ ಬರೆಯುತ್ತೇನೆ.

ಟೀ ಕುಡಿಯುವಾಗ ಫಿಟ್ಟಿಂಗ್ ವಿಭಾಗದ ಮುಖ್ಯಸ್ಥರು ಹೇಳಿದರು, "ನಿಮ್ಮ ಡ್ರಿಲ್ ಮೇಷ್ಟ್ರು ಈ ಸಲ ಉತ್ತರಾನೇ ಕೊಡ್ಲಿಲ್ಲ ಮೇಲಕ್ಕ. ಹದಿನಾರಕ್ಕೆ ಅಳತೆಗೆ ಬನ್ನಿ, ವಾರದೊಳಗೆ ಒಪ್ಪಿಗೆ ತಿಳಿಸಿ ಅಂತ ಬರ್ದಿದ್ವಿ. ಸುದ್ದಿನೇ ಇಲ್ಲ. ಆ ದಿನ ಬೇರೆಯವರಿಗೆ ಕೊಟ್ಟಾಯ್ತು. ಇನ್ನು ಅವರಿಗೆ ಜುಲೈಗೇ."

ಟೀ ಲೋಟ ಕೆಳಗಿಟ್ಟೆ.

ಡ್ರಿಲ್ ಮೇಷ್ಟ್ರು ಎಂದರೆ ದೂರದ ಊರಿನ ಶಾಲೆಯ ದೈಹಿಕ ಶಿಕ್ಷಕರು. ನಾನು ಅವರನ್ನು ಕಂಡಿಲ್ಲ, ಕಾಗದ ಕಂಡಿದ್ದೇನೆ. ಇನ್ನೂರ ಹದಿನಾಲ್ಕನೆಯ ನಿಯಮ ಹುಟ್ಟಿದ್ದೇ ಅವರಿಂದ. ಉತ್ತರಿಸು ಎಂಬ ಗುಂಡಿ ಒತ್ತುವುದು ಅಗೌರವ ಎಂದು ಅವರ ನಂಬಿಕೆ. ಪ್ರತಿ ಸಲ ಹೊಸದಾಗಿ, ಇವರಿಂದ, ಇವರಿಗೆ, ವಿಷಯ ಎಂದು ಕ್ರಮವಾಗಿ ಬರೆದು, ಹಲೋ ಅಣ್ಣ ಹೇಳಿಕೊಟ್ಟ ವಿಳಾಸಕ್ಕೆ ಕಳಿಸುತ್ತಾರೆ. ಫಿಟ್ಟಿಂಗು.

ತಡೆ ಪೆಟ್ಟಿಗೆ ತೆರೆದೆ. ನಲವತ್ತೊಂದು ಮೇಲ್ ಇದ್ದವು. ಸ್ಟೋರು, ಬಿಲ್ಲು, ಲಿಂಬು. ಮೇಷ್ಟ್ರದ್ದೇ ನಾಲ್ಕು.

ಮೊದಲನೆಯದು: 'ಹದಿನಾರನೆಯ ತಾರೀಕು ಒಪ್ಪಿಗೆ ಇದೆ. ಸಮಯಕ್ಕೆ ಹತ್ತು ನಿಮಿಷ ಮುಂಚೆ ಹಾಜರಿರುತ್ತೇನೆ.'

ಎರಡನೆಯದು: 'ಹಳೆಯ ಕಾಲು ಸಡಿಲವಾಗಿ ಗಾಯವಾಗಿದೆ. ಈಗ ಊರುಗೋಲಿನಲ್ಲಿದ್ದೇನೆ. ಜೂನ್ ಎರಡಕ್ಕೆ ಶಾಲೆ ತೆರೆಯುತ್ತದೆ. ಮೊದಲ ದಿನ ಮೈದಾನದಲ್ಲಿ ನಿಲ್ಲಲಾಗದಿದ್ದರೆ ನನ್ನನ್ನು ಪುಸ್ತಕದ ಕೋಣೆಗೆ ಹಾಕಿ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ದಯವಿಟ್ಟು ದಿನ ಖಚಿತಪಡಿಸಿ.'

ಮೂರನೆಯದು: 'ದೂರವಾಣಿಯಲ್ಲಿ ಕೇಳಿದೆ. ಮೇಲ್ ಮಾಡಿ ಎಂದು ಮತ್ತೆ ಇದೇ ವಿಳಾಸ ಕೊಟ್ಟರು.'

ನಾಲ್ಕನೆಯದು ನಿನ್ನೆಯದು: 'ಉತ್ತರ ಬಾರದಿರುವುದರಿಂದ ನನ್ನ ಕಡೆಯಿಂದಲೇ ಏನೋ ತಪ್ಪಾಗಿರಬೇಕು. ಏನೆಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ. ಕ್ಷಮೆ ಇರಲಿ.'

ಅವರು ನನ್ನ ಕ್ಷಮೆ ಕೇಳುತ್ತಿದ್ದಾರೆ!

ಒಂದು ಗುಂಡಿ ಒತ್ತಿದರೆ ನಲವತ್ತೊಂದೂ ಸೇರಬೇಕಾದಲ್ಲಿಗೆ ಹೋಗುತ್ತವೆ. ಒತ್ತಿದೆ. ತಡವಾಯಿತು, ಕ್ಲೌಡಿನ ತೊಂದರೆ ಎಂದರೆ ಎಲ್ಲರೂ ನಂಬುತ್ತಾರೆ. ಮೋಡಮ್ಮನೂ ನಂಬುತ್ತಾಳೇನೋ. ಆದರೆ ಹದಿನಾರನೆಯ ತಾರೀಕು ಮಾತ್ರ ಹೋಗಿಯೇ ಹೋಯಿತು.

ಊಟದ ಹೊತ್ತಿಗೆ ಇವರ ಹತ್ತಿರ ಬಾಯಿಬಿಟ್ಟೆ. ಡೈರಿ ಇರುವುದೇ ಇದಕ್ಕಲ್ಲವೇ ಎನ್ನುತ್ತಾರೆ ಎಂದುಕೊಂಡಿದ್ದೆ. ಎನ್ನಲಿಲ್ಲ.

"ನಮ್ಮಲ್ಲಿ ಪುಸ್ತಕ ಅಚ್ಚಾದ್ಮೇಲೆ ತಪ್ಪು ಕಂಡ್ರೆ ಏನ್ ಮಾಡ್ತೀವಿ ಹೇಳು?"

"ಕೊನೇಲಿ ಒಂದು ಪಟ್ಟಿ ಅಂಟಿಸ್ತೀರಿ. ಎಡಗಡೆ ತಪ್ಪು, ಬಲಗಡೆ ಒಪ್ಪು."

"ಬರೀ ಒಪ್ಪು ಮಾತ್ರ ಅಚ್ಚು ಹಾಕಿ, ತಪ್ಪು ಯಾವ್ದು ಅಂತ ಹೇಳ್ದೇ ಇದ್ರೆ?"

ಇವರು ಇನ್ನೊಂದು ಸೌಟು ಅನ್ನ ಬಡಿಸಿದರು.

ಮೇ 8, ಗುರುವಾರ

ತಪ್ಪು: ಹಳೇದು, ಬೇಕಾಗಲ್ಲ.
ಒಪ್ಪು: ಬೇಕಾಗಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಇದನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೋಡಮ್ಮನ ಮುಂದೆ ಇಟ್ಟೆ. ಬಾಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಅವಳು ಎರಡು ಸಲ ಓದಿದಳು.

"ಇಂಥವು ಇನ್ನೂ ಎಷ್ಟಿವೆ?"

"ಆರು."

"ಯಾಕಕ್ಕಾ?"

"ನನ್ನ ಅಗತ್ಯ ಇಲ್ಲ ಅಂತ ನೀವು ಬರ್ದಿದ್ರಿ. ನೋಡ್ಬಿಟ್ಟೆ."

ಬರೆದಿಲ್ಲ ಎನ್ನುತ್ತಾಳೆ, ನೀವು ತಪ್ಪು ತಿಳಿದಿರಿ ಎನ್ನುತ್ತಾಳೆ ಎಂದು ಒಳಗೊಳಗೇ ಆಸೆಯಿತ್ತು. "ಹೌದು, ಬರ್ದಿದ್ದೆ" ಎಂದಳು. "ನೀವೇನು ಮಾಡ್ತೀರಿ ಅಂತ ನನಗೆ ಯಾರೂ ಹೇಳ್ಲಿಲ್ಲ. ನಿಮ್ಮನ್ನ ಕೇಳಿದ್ರೆ ಹಣೆ ತಟ್ಟಿದ್ರಿ."

ಇಬ್ಬರೂ ಕೂತು ಏಳು ನಿಯಮಗಳನ್ನೂ ಕ್ಲೌಡಿಗೆ ಹಾಕಿದೆವು. ಪ್ರತಿಯೊಂದರ ಪಕ್ಕದಲ್ಲಿ 'ಯಾಕೆ' ಎಂಬ ಖಾಲಿ ಮನೆಯಿದೆ. ಅದನ್ನು ತುಂಬದೆ ಮುಂದೆ ಹೋಗಲು ಅವಳು ಬಿಡಲಿಲ್ಲ. ಆಮೇಲೆ ನಿರ್ದೇಶಕರ ಕೋಣೆಗೆ ಹೋಗಿ ಅದೇ ಚೀಟಿ ಓದಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಈ ವಿಷಯಾನೂ ಆಮೇಲೆ ಮಾತಾಡೋಣ" ಎಂದರು.

ನೇರ ಫಿಟ್ಟಿಂಗ್ ವಿಭಾಗಕ್ಕೆ ಹೋದೆ. ಮುಖ್ಯಸ್ಥರು ಕೈಯೆಲ್ಲ ಪ್ಲಾಸ್ಟರ್ ಮಾಡಿಕೊಂಡು ಯಾರದೋ ಮೊಣಕಾಲಿನ ಅಚ್ಚು ತೆಗೆಯುತ್ತಿದ್ದರು.

"ಮೇಷ್ಟ್ರಿಗೆ ಹದಿನಾರಕ್ಕೇ ಒಂದು ಜಾಗ ಮಾಡಿ ಸರ್. ತಪ್ಪು ನಂದು."

"ಮನಸ್ಸಿದೆ ಮೇಲಕ್ಕ, ಮಂಚ ಇಲ್ಲ. ಇರೋದು ಎರಡು, ಎರಡೂ ತುಂಬಿದೆ. ಮೂರನೇದು ಹಾಕೋಣ ಅಂದ್ರೆ ಕೋಣೆ ಎಲ್ಲಿ? ನಿಮ್ಮ ದೊಡ್ಡಪ್ಪ ಎರಡು ತಿಂಗಳು ಏಳಲ್ಲ ಅಂದ್ರಲ್ಲ."

ಸೋಮವಾರ ಕೋಣೆ ಕೊಡುತ್ತೇನೆ ಎಂದೆ.

ಮೇ 10, ಶನಿವಾರ

ದೊಡ್ಡಪ್ಪನನ್ನು ಬಿಚ್ಚಿದೆ. ಒಟ್ಟು ಅರವತ್ತೆರಡು ಸ್ಕ್ರೂ. ಒಬ್ಬಳೇ ಮಾಡುತ್ತೇನೆಂದರೂ ಮೋಡಮ್ಮ ತೋಳು ಮಡಿಸಿಕೊಂಡು ಬಂದಳು, ಇವರು ಮನೆಯಿಂದ ಬ್ರಷ್ ತಂದರು. ಹೊಟ್ಟೆಯೊಳಗೆ ಹತ್ತೊಂಬತ್ತು ವರ್ಷದ ಪ್ಲಾಸ್ಟರ್ ಪುಡಿ. ಮೂವರೂ ಸೀನಿದೆವು. ಯಂತ್ರದ ಹಿಂದೆ ನನ್ನ ಬುತ್ತಿಯ ಮುಚ್ಚಳ ಸಿಕ್ಕಿತು, ಅದನ್ನು ಕಳೆದೆನೆಂದು ಇವರ ಮೇಲೆ ಹಾರಾಡಿದ್ದು ನೆನಪಿದೆ. ಇವರಿಗೂ ನೆನಪಿದೆ. ಮುಚ್ಚಳ ಎತ್ತಿ ಹಿಡಿದು, "ಇದಕ್ಕೂ ಒಂದು ಪಟ್ಟಿ ಅಂಟಿಸ್ಬೇಕು" ಎಂದರು.

ಕೋಣೆ ಖಾಲಿಯಾದಮೇಲೆ ಎಷ್ಟು ದೊಡ್ಡದಿದೆ! ಕಿಟಕಿಯೊಂದು ಇತ್ತು ಎಂಬುದೇ ಮರೆತುಹೋಗಿತ್ತು.

ಮೇ 16, ಶುಕ್ರವಾರ

ಮೇಷ್ಟ್ರು ಹತ್ತು ನಿಮಿಷ ಮುಂಚೆಯೇ ಬಂದರು. ಕಾಗದದಲ್ಲಿ ಆರು ಅಡಿ ಎಂದುಕೊಂಡಿದ್ದೆ, ನನ್ನ ಭುಜಕ್ಕೆ ಬರುತ್ತಾರೆ. ಎರಡು ಊರುಗೋಲು, ಕೊರಳಲ್ಲಿ ಸೀಟಿ. ಹಲೋ ಅಣ್ಣ ಬಾಗಿಲಿಗೇ ಹೋಗಿ ಕರೆತಂದರು.

ಮೂಲೆ ಕೋಣೆಯ ಹೊಸ ಮಂಚದ ಮೇಲೆ ಅಚ್ಚು ತೆಗೆದದ್ದಾಯಿತು. ಪ್ಲಾಸ್ಟರ್ ಒರೆಸಿಕೊಳ್ಳುತ್ತಿದ್ದಾಗ ನಾನು ಹೋಗಿ ಎಲ್ಲ ಹೇಳಿದೆ. ಯಾರ ಮೇಲೂ ಹಾಕಲಿಲ್ಲ. ಅವರು ಮುಖ ಬಿಗಿದುಕೊಂಡು ಕೊನೆಯವರೆಗೂ ಕೇಳಿಸಿಕೊಂಡರು.

"ನಾಲ್ಕು ಕಾಗದ ಬರ್ದೆ ತಾಯಿ. ನಾಲ್ಕನೇದು ಬರೆಯೋವಾಗ ನಿದ್ದೆ ಇರಲಿಲ್ಲ ನನಗೆ."

"ಗೊತ್ತು ಸರ್. ಓದಿದೆ."

"ನಾನು ಮೂವತ್ತು ವರ್ಷ ಮಕ್ಕಳಿಗೆ ಶಿಕ್ಷೆ ಕೊಟ್ಟೋನು. ತಾವಾಗೇ ಬಂದು ಒಪ್ಕೊಂಡೋರಿಗೆ ಮೈದಾನ ಎರಡು ಸುತ್ತು. ಸಿಕ್ಕಿಬಿದ್ದೋರಿಗೆ ಹತ್ತು." ಸೀಟಿ ಬಾಯಿಗಿಟ್ಟರು. "ಇಲ್ಲಿ ಮೈದಾನ ಇಲ್ಲ. ಕಟ್ಟಡ ಸುತ್ತಿ."

ತಮಾಷೆ ಎಂದುಕೊಂಡೆ. ಸೀಟಿ ಊದಿಯೇಬಿಟ್ಟರು!

ಐವತ್ತೊಂದನೆಯ ವಯಸ್ಸಿನಲ್ಲಿ, ಚಪ್ಪಲಿ ಹಾಕಿಕೊಂಡು, ಸಂಸ್ಥೆಯ ಕಿಟಕಿಗಳಲ್ಲೆಲ್ಲ ತಲೆಗಳು ಇಣುಕುತ್ತಿರುವಾಗ ಓಡಿದೆ. ಎರಡನೇ ಸುತ್ತಿಗೆ ಪಕ್ಕದಲ್ಲಿ ಯಾರೋ ಬಂದ ಹಾಗಾಯಿತು. ಮೋಡಮ್ಮ. ಪೆನ್ಸಿಲ್ ಕೂದಲಿನಿಂದ ಜಾರಿ ಬಿತ್ತು.

"ನೀವ್ಯಾಕೆ?"

"ನಾನೂ ಸರಿಯಾಗಿ ಕೇಳ್ಲಿಲ್ವಲ್ಲ ಅಕ್ಕಾ."

ಏದುಸಿರು ಬಿಡುತ್ತ ಬಂದು ನಿಂತಾಗ ಮೇಷ್ಟ್ರು ಗಡಿಯಾರ ನೋಡಿ, "ಬಹಳ ನಿಧಾನ" ಎಂದರು. ಕಣ್ಣು ನಗುತ್ತಿತ್ತು.

ಮೇ 22, ಗುರುವಾರ

ಹಲೋ ಅಣ್ಣನಿಗೆ ಕೊನೆಗೂ ಪಾಠ ಮಾಡಿದೆ. ಉಕಾರ ಬೇಡ, ಕೊನೆಗೆ ಯು ಇಲ್ಲ ಎಂದು ಹೇಳಿ ಎಂದೆ. ತಲೆಯಾಡಿಸಿದರು. ಮಧ್ಯಾಹ್ನ ತಡೆ ಪೆಟ್ಟಿಗೆಯಲ್ಲಿ ಒಂದು ಮೇಲ್ ಬಿದ್ದಿತ್ತು. ವಿಳಾಸ: 'ಫಿಟ್ಟಿಂಗು ಯು ಇಲ್ಲ', ಒಂದೇ ಪದವಾಗಿ, ನಡುವೆ ಜಾಗ ಬಿಡದೆ. ಮೋಡಮ್ಮನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆರುನೂರ ಹದಿನಾಲ್ಕನೆಯ ನಿಯಮ ಬರೆದೆ. ಯಾಕೆ ಎಂಬ ಮನೆಯಲ್ಲಿ ಅರ್ಧ ಪುಟ ಬರೆಯಬೇಕಾಯಿತು.

ನಿರ್ದೇಶಕರು 'ಆಮೇಲೆ' ಎಂದದ್ದನ್ನು ಇವತ್ತು ಮಾತಾಡಿದರು ಎಂದು ಇವರಿಗೆ ಹೇಳಲು ಮರೆತೇ ಹೋಗಿತ್ತು, ಮಲಗುವ ಮುಂಚೆ ನೆನಪಾಯಿತು. ಮೇಲ್ ಉಸ್ತುವಾರಿ ಎಂಬ ಹುದ್ದೆ ಇನ್ನಿಲ್ಲ. ಮುಂದಿನ ತಿಂಗಳಿಂದ ಫಿಟ್ಟಿಂಗಿಗೆ ಬರುವ ಕಾಗದಗಳಿಗೆ ಉತ್ತರ ಬರೆಯುವ ಕೆಲಸ. ಮೇಜು ಮೂಲೆ ಕೋಣೆಯಲ್ಲೇ, ಕಿಟಕಿಯ ಪಕ್ಕ.

ಜೂನ್ 2, ಸೋಮವಾರ

ಮೋಡಮ್ಮ ಹೋದ ವಾರ ಬೇರೆ ಸಂಸ್ಥೆಯ ಕೆಲಸಕ್ಕೆ ಹೊರಟಳು. ಪೆನ್ಸಿಲ್ ಮರೆತು ಹೋಗಿದ್ದಾಳೆ, ತೆಗೆದಿಟ್ಟಿದ್ದೇನೆ. ಫೋನಿನಲ್ಲಿ ಹೊಸ ಜಾಗದ ಮೇಲ್ ನೋಡಿಕೊಳ್ಳುವವರ ಬಗ್ಗೆ ದೂರಿದಳು, ಏನು ಕೇಳಿದರೂ ಹಣೆ ತಟ್ಟುತ್ತಾರಂತೆ. ಮೊದಲು ಅವರ ಜೊತೆ ಕೂತು ಟೀ ಕುಡಿಯಿರಿ, ಸಕ್ಕರೆ ಕಮ್ಮಿ ಹಾಕಿ ಎಂದೆ.

ಮೇಷ್ಟ್ರು ಶುಕ್ರವಾರ ಬಂದು ಹೊಸ ಕಾಲು ಹಾಕಿಸಿಕೊಂಡು ಹೋಗಿದ್ದರು; ಇವತ್ತು ಅವರ ಶಾಲೆ ತೆರೆಯುವ ದಿನ. ಬೆಳಿಗ್ಗೆಯಿಂದ ಕೈ ತಡೆ ಪೆಟ್ಟಿಗೆಯ ಮೇಲೇ ಇತ್ತು. ಹತ್ತೂವರೆಗೆ ಒಂದು ಬಂದು ಬಿತ್ತು. ನಮ್ಮಲ್ಲಿ ಇಲ್ಲದ ವಿಳಾಸ. ಹತ್ತೊಂಬತ್ತು ವರ್ಷ ಎಲ್ಲರಿಗೂ ವಿಳಾಸ ಮಾಡಿಕೊಟ್ಟವಳು ನನ್ನ ಹೆಸರಿಗೊಂದು ಮಾಡಿಕೊಂಡಿರಲಿಲ್ಲ.

'ಇವರಿಂದ: ದೈಹಿಕ ಶಿಕ್ಷಕರು.
ಇವರಿಗೆ: ಮೇಲಕ್ಕ.
ವಿಷಯ: ನಿಂತಿರುವ ಬಗ್ಗೆ.
ಮಾನ್ಯರೇ, ಇಂದು ಬೆಳಿಗ್ಗೆ ಎಂಟು ಗಂಟೆಗೆ ಮೈದಾನದಲ್ಲಿ ನಿಂತೆ. ಮಕ್ಕಳೂ ನಿಂತರು. ತಮ್ಮ ವಿಶ್ವಾಸಿ.'

ಆರುನೂರ ಹದಿನೈದನೆಯ ನಿಯಮ ಬರೆದೆ: ಮೇಲಕ್ಕ ಎಂದು ಬಂದದ್ದೆಲ್ಲ ನನಗೆ. ಯಾಕೆ ಎಂಬ ಮನೆಯಲ್ಲಿ, 'ಒಬ್ಬರು ನಿಂತೆ ಎಂದು ತಿಳಿಸಲು ಬರೆದಿದ್ದರು' ಎಂದು ತುಂಬಿದೆ. ಅದನ್ನು ಒಂದು ಚೀಟಿಯಲ್ಲಿ ಇಳಿಸಿಕೊಂಡು ಬಂದು ಇವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ಜೇಬಿನಿಂದ ಕೆಂಪು ಪೆನ್ನು ತೆಗೆದರು, ಮತ್ತೊಮ್ಮೆ ಓದಿದರು. ಪೆನ್ನು ಹಾಗೇ ಜೇಬಿಗೆ ಹೋಯಿತು.